ಮುಶ್ಯಾಗಳ ಗುಂಪಿನ ಯಜಮಾನ ಬದಲಾದಾಗ

ಗದಗ ಜಿಲ್ಲೆಯ ಸೊರಟೂರಿನ ಹೆಸರು ಇತಿಹಾಸದ ಪುಸ್ತಕಗಳಲ್ಲಿ ಉಳಿದದ್ದು ಒಂದು ಕಾಳಗದಿಂದ. 12ನೇ ಶತಮಾನದ ಕೊನೆಯಲ್ಲಿ ಹೊಯ್ಸಳರ ಇಮ್ಮಡಿ ವೀರಬಲ್ಲಾಳ ಇಲ್ಲಿ ಸೇವುಣರ ಐದನೆಯ ಭಿಲ್ಲಮನನ್ನು ಸೋಲಿಸಿದ, ಸೀಮೆಯ ಒಡೆತನ ಕೈಬದಲಾಯಿತು. ಅಂಥದೇ ಇನ್ನೊಂದು ಕಾಳಗ ಈ ಕಡೆಯ ಹುಣಸೆ, ಬೇವು, ಅರಳಿ ಮರಗಳ ಮೇಲೆ ಕೆಲವು ವರ್ಷಕ್ಕೊಮ್ಮೆ ನಡೆಯುತ್ತದೆ. ಅದಕ್ಕೆ ಶಾಸನ ಹಾಕಿಸುವವರಿಲ್ಲ, ವೀರಗಲ್ಲೂ ಇಲ್ಲ. ಮುಶ್ಯಾ ಎಂಬ ಮಂಗಗಳ ಗುಂಪಿನ ಗಂಡೊಂದು ಸೋತು ಓಡಿಹೋಗುತ್ತದೆ, ಹೊಸದು ಬಂದು ಕೂರುತ್ತದೆ. ಊರವರಿಗೆ ಕೇಳುವುದು ಒಂದೆರಡು ದಿನ ಹಂಚು, ತಗಡಿನ ಮೇಲೆ ಧಡಧಡ ಸದ್ದು, ಅಷ್ಟೆ. ಆ ಸದ್ದು ಅಡಗಿದ ಮೇಲೆ ಗುಂಪಿನಲ್ಲಿ ಏನಾಗುತ್ತದೆ ಎಂಬುದನ್ನು ಕಾಡಿನಲ್ಲಿ ಕೂತು ನೋಡಿ ಬರೆದಿಟ್ಟದ್ದು ಇಲ್ಲಿಂದ ಎರಡು–ಮೂರು ತಾಸಿನ ಬಸ್ ದಾರಿಯ ಧಾರವಾಡದಲ್ಲಿ. 1961ರಿಂದ 63ರ ಮಾತು. ಗದಗ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. ಅದಕ್ಕೂ ಮೊದಲು ಸೊರಟೂರೂ ಧಾರವಾಡ ಜಿಲ್ಲೆಯ ಹಳ್ಳಿಯೇ. ಆ ಬರಹ ಪ್ರಪಂಚದ ವಾನರ ವಿಜ್ಞಾನಿಗಳನ್ನು ಮೂರು ದಶಕಗಳ ಜಗಳಕ್ಕೆ ಹಚ್ಚಿತು.

ಮೊದಲು ಯಾವ ಮಂಗನ ಮಾತು ಇದು ಎಂಬುದನ್ನು ಹೇಳಿಬಿಡಬೇಕು. ಗದಗ, ಶಿರಹಟ್ಟಿ, ಮುಂಡರಗಿ, ಲಕ್ಷ್ಮೇಶ್ವರದ ಕಡೆ ಚಿಕ್ಕ ಹುಡುಗರಿಗೂ ಮಂಗ್ಯಾ ಬೇರೆ, ಮುಶ್ಯಾ ಬೇರೆ ಎಂದು ಗೊತ್ತು. ಕಂದು ಮೈ, ಕೆಂಪು ಮುಸುಡಿ, ನೆತ್ತಿಯ ಕೂದಲು ಟೊಪ್ಪಿಗೆಯಂತೆ ಸುತ್ತಲೂ ಹರಡಿದ್ದರೆ ಅದು ಮಂಗ್ಯಾ. ದಕ್ಷಿಣ ಭಾರತ ಬಿಟ್ಟರೆ ಜಗತ್ತಿನ ಬೇರೆಲ್ಲೂ ಇಲ್ಲದ ಪ್ರಾಣಿ. ಕಪ್ಪು ಮುಖ, ಬೂದು ಮೈ, ಮೈಗಿಂತ ಉದ್ದ ಬಾಲದ್ದು ಮುಶ್ಯಾ. ಗ್ರಂಥಗಳ ಹನುಮಾನ್ ಲಂಗೂರ್. ಇವೆರಡರ ನಡುವಿನ ನಿಜವಾದ ಅಂತರ ಇರುವುದು ಬಣ್ಣದಲ್ಲಲ್ಲ, ಹೊಟ್ಟೆಯಲ್ಲಿ. ಮಂಗ್ಯಾನ ಕೆನ್ನೆಯೊಳಗೆ ಚೀಲಗಳಿವೆ. ಶೇಂಗಾ ಹೊಲಕ್ಕೆ ನುಗ್ಗಿ ಎರಡೂ ಗಲ್ಲ ಉಬ್ಬುವಷ್ಟು ತುಂಬಿಕೊಂಡು ಓಡಿ, ಬೇಲಿಯಾಚೆ ಕೂತು ನಿಧಾನಕ್ಕೆ ಅಗಿಯುವುದು ಅದಕ್ಕೆ ಸಾಧ್ಯವಾಗುವುದು ಹಾಗೆ. ಮುಶ್ಯಾನಿಗೆ ಆ ಚೀಲವಿಲ್ಲ. ಅದರ ಬದಲು ಹಲವು ಕೋಣೆಗಳ ದೊಡ್ಡ ಹೊಟ್ಟೆ ಇದೆ. ಅಲ್ಲಿ ಬ್ಯಾಕ್ಟೀರಿಯಾಗಳು ಎಲೆಯ ನಾರನ್ನು ಹುಳಿಯಿಸಿ ಆಹಾರ ಮಾಡಿಕೊಡುತ್ತವೆ. ಎಮ್ಮೆ, ಆಕಳಲ್ಲಿ ನಡೆಯುವುದೂ ಹೆಚ್ಚುಕಡಿಮೆ ಇದೇ. ಮುಶ್ಯಾ ಮೆಲುಕು ಹಾಕುವುದಿಲ್ಲ, ಅಷ್ಟೆ. ಹೊಟ್ಟೆ ತುಂಬಿದ ಮೇಲೆ ಮಧ್ಯಾಹ್ನವಿಡೀ ಟೊಂಗೆಯ ಮೇಲೆ ಬಾಲ ಇಳಿಬಿಟ್ಟು ಕೂರುವುದನ್ನು ಸೋಮಾರಿತನ ಎನ್ನಬೇಕಿಲ್ಲ, ಒಳಗೆ ಕಾರ್ಖಾನೆ ನಡೆದಿರುತ್ತದೆ. ದೇವರ ಹೆಸರಲ್ಲಿ ನಾವು ಎಸೆಯುವ ಬಿಸ್ಕೀಟು, ಬ್ರೆಡ್ಡು ಆ ಹೊಟ್ಟೆಗೆ ಒಗ್ಗುವಂಥವಲ್ಲ.

ಊರಿನ ಜನಕ್ಕೆ ಇವೆರಡೂ ಹನುಮಪ್ಪನ ಕಡೆಯವೇ. ಉತ್ತರ ಕರ್ನಾಟಕದಲ್ಲಿ ಹನುಮಪ್ಪನ ಗುಡಿ ಇಲ್ಲದ ಊರು ಹುಡುಕಬೇಕು. ಕರೆಂಟ್ ತಂತಿ ತಾಗಿಯೋ ನಾಯಿ ಕಚ್ಚಿಯೋ ಮಂಗವೊಂದು ಸತ್ತರೆ ಅದನ್ನು ಕುರ್ಚಿಯಲ್ಲಿ ಕೂರಿಸಿ, ಮೈಗೆ ಕೇಸರಿ ಬಟ್ಟೆ, ಹಣೆಗೆ ಕುಂಕುಮ, ಕೊರಳಿಗೆ ಹೂವಿನ ಹಾರ ಹಾಕಿ, ಭಜನೆ ಮಾಡುತ್ತ ಊರೆಲ್ಲ ಮೆರವಣಿಗೆ ಮಾಡಿ ಮಣ್ಣು ಕೊಡುತ್ತಾರೆ. ಗುಂಡಿಗೆ ಉಪ್ಪು, ವಿಭೂತಿ ಹಾಕುವವರಿದ್ದಾರೆ, ದಿನ ಮಾಡಿ ಊಟ ಹಾಕಿಸುವವರೂ ಇದ್ದಾರೆ. ಅದೇ ಜನ ಮರುದಿನ ಗೋವಿನಜೋಳದ ತೆನೆ ಮುರಿದು ಎಸೆದ ಗುಂಪನ್ನು ಕಂಡರೆ ಕವಣೆ ಬೀಸುತ್ತಾರೆ, ಪಟಾಕಿ ಹಚ್ಚುತ್ತಾರೆ. ಇದರಲ್ಲಿ ಕಪಟವೇನೂ ಇಲ್ಲ. ಸತ್ತ ಮಂಗ ದೇವರು, ಬದುಕಿದ ಮಂಗ ಲುಕ್ಸಾನು, ಎರಡೂ ನಿಜ. ಕೊರತೆ ಇರುವುದು ಬೇರೆ ಕಡೆ. ದೇವರಾಗಿ ಕಂಡಾಗಲೂ ಕಳ್ಳನಾಗಿ ಕಂಡಾಗಲೂ ನಮಗೆ ಕಾಣುವುದು ‘ಮಂಗಗಳು’ ಎಂಬ ಒಟ್ಟು ಹಿಂಡು. ಯಾವುದು ಯಾರ ಮರಿ, ಯಾವ ಗಂಡು ಯಾವಾಗ ಬಂತು, ಯಾವುದು ಹೋಯಿತು ಎಂದು ಯಾರೂ ಲೆಕ್ಕ ಇಡುವುದಿಲ್ಲ.

ಬ್ರಿಟಿಷರ ಕಾಲದ ವಿಜ್ಞಾನವೂ ಬದುಕಿದ ಮಂಗನನ್ನು ಹಾಗೆ ನೋಡಿರಲಿಲ್ಲ. ಅದಕ್ಕೆ ಬೇಕಿದ್ದದ್ದು ಚರ್ಮ ಮತ್ತು ಬುರುಡೆ. ಲಂಡನ್ನಿನ ಆರ್.ಐ. ಪೊಕಾಕ್ 1928ರಲ್ಲಿ ಈ ಸೀಮೆಯ ಮುಶ್ಯಾನಿಗೆ ‘ಅಕೇಟಿಸ್’ ಎಂಬ ಹೆಸರಿಟ್ಟ. ಆ ಹೆಸರಿಗೆ ಆಧಾರವಾದ ಮಾದರಿ ಸಿಕ್ಕ ಜಾಗ ಎಂದು ದಾಖಲಾಗಿರುವುದು ಅಂದಿನ ಧಾರವಾಡ ಜಿಲ್ಲೆಯ, ಇಂದಿನ ಹಾವೇರಿ ಜಿಲ್ಲೆಯ ಹಂಸಭಾವಿ. ಆಮೇಲೆ ಬಂದವರು ಆ ಹೆಸರನ್ನು ಒಮ್ಮೆ ಒಪ್ಪಿದರು, ಒಮ್ಮೆ ಬಿಟ್ಟರು. ಲಂಗೂರ್‌ಗಳು ಒಂದೇ ಪ್ರಭೇದವೋ, ಹಲವೋ ಎಂಬ ತಕರಾರನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರವೀಣ ಕಾರಂತ ಮತ್ತು ಅವರ ಜೊತೆಗಾರರು ಡಿಎನ್‌ಎ, ಹವಾಮಾನ, ಮೈಬಣ್ಣ ಎಲ್ಲವನ್ನೂ ಕೂಡಿಸಿ ಬಿಡಿಸುವ ಕೆಲಸ ಮಾಡಿದ್ದಾರೆ. ಓದುಗರು ಮನೆಯಂಗಳದಿಂದಲೇ ನೋಡಬಹುದಾದ ಗುರುತು ಒಂದಿದೆ: ಬಾಲ. ಉತ್ತರ ಭಾರತದ ಲಂಗೂರ್ ನಡೆಯುವಾಗ ಬಾಲವನ್ನು ಬೆನ್ನ ಮೇಲಿಂದ ತಲೆಯ ಕಡೆಗೆ ಬಾಗಿಸುತ್ತದೆ. ದಕ್ಷಿಣದ್ದು ಮೇಲೆತ್ತಿ ಹಿಂದಕ್ಕೆ ಬಾಗಿಸುತ್ತದೆ. ತಾಪಿ, ಗೋದಾವರಿ ನದಿಗಳ ಆಸುಪಾಸಿನಲ್ಲಿ ಎಲ್ಲೋ ಬಾಲದ ದಿಕ್ಕು ಬದಲಾಗುತ್ತದೆ. ನಮ್ಮದು ಹಿಂದಕ್ಕೆ.

ಬದುಕಿರುವ ಮುಶ್ಯಾನನ್ನು ನೋಡಲೆಂದೇ ಬಂದವರು ಜಪಾನಿನವರು. ಕ್ಯೋಟೊ ವಿಶ್ವವಿದ್ಯಾಲಯದಲ್ಲಿ ಕಿಂಜಿ ಇಮಾನಿಶಿ ಎರಡನೇ ಮಹಾಯುದ್ಧ ಮುಗಿದ ಕೆಲವೇ ವರ್ಷಗಳಲ್ಲಿ ಹೊಸ ಪದ್ಧತಿಯೊಂದನ್ನು ಹುಟ್ಟುಹಾಕಿದ್ದರು. ಗುಂಪಿನ ಪ್ರತಿಯೊಂದು ಮಂಗನನ್ನೂ ಮುಖ ನೋಡಿ ಗುರುತು ಹಿಡಿಯಬೇಕು, ಹೆಸರಿಡಬೇಕು, ವರ್ಷಗಟ್ಟಲೆ ಹಿಂಬಾಲಿಸಬೇಕು. ಪ್ರಾಣಿಗೆ ನಂಬರು ಕೊಡಬೇಕೇ ಹೊರತು ಹೆಸರಿಡುವುದು ವಿಜ್ಞಾನವಲ್ಲ ಎಂದು ಪಾಶ್ಚಾತ್ಯರು ಮೂಗು ಮುರಿದರು. ಆದರೆ 1953ರಲ್ಲಿ ಕೊಶಿಮಾ ದ್ವೀಪದಲ್ಲಿ ಇಮೊ ಎಂಬ ಎಳೆಯ ಹೆಣ್ಣು ಮಂಗ ಗೆಣಸನ್ನು ನೀರಲ್ಲಿ ತೊಳೆದು ತಿನ್ನತೊಡಗಿತು, ಅದನ್ನು ನೋಡಿ ಉಳಿದವೂ ಕಲಿತವು. ಇದು ಜಗತ್ತಿಗೆ ಗೊತ್ತಾದದ್ದು ಆ ಪದ್ಧತಿಯಿಂದಲೇ. ಇಮೊಗೆ ಹೆಸರಿಲ್ಲದಿದ್ದರೆ ಯಾವ ಮಂಗ ಯಾರಿಂದ ಕಲಿತಿತೆಂದು ಹೇಳುವುದು ಹೇಗೆ?

ಅದೇ ಶಾಲೆಯ ತರುಣ ಯುಕಿಮಾರು ಸುಗಿಯಾಮಾ 1961ರಲ್ಲಿ ಧಾರವಾಡಕ್ಕೆ ಬಂದರು. ಜೊತೆಗೆ ಕೆಂಜಿ ಯೋಶಿಬಾ ಮತ್ತು ನಮ್ಮವರೇ ಆದ ಎಂ.ಡಿ. ಪಾರ್ಥಸಾರಥಿ ಇದ್ದರು. ಊರಿನ ಪಶ್ಚಿಮಕ್ಕೆ ಸಾಗುವಾನಿ ಕಾಡು ಶುರುವಾಗುವ ಕಡೆ ಮುಶ್ಯಾಗಳ ಗುಂಪುಗಳನ್ನು ಒಂದೊಂದಾಗಿ ಎಣಿಸಿ ಬೆನ್ನುಹತ್ತಿದರು. ಅವರು ಕಂಡ ಸಂಸಾರ ಹೀಗಿತ್ತು: ಸಾಮಾನ್ಯವಾಗಿ ಒಂದು ಗುಂಪಿಗೆ ಒಂದೇ ದೊಡ್ಡ ಗಂಡು, ಹಲವು ಹೆಣ್ಣು, ಅವುಗಳ ಮರಿಗಳು. ಹೆಣ್ಣುಮಕ್ಕಳು ಹುಟ್ಟಿದ ಗುಂಪಿನಲ್ಲೇ ಸಾಯುವವರೆಗೆ ಉಳಿಯುತ್ತವೆ. ಗುಂಪು ಎಂದರೆ ಅಜ್ಜಿ, ತಾಯಿ, ಮಗಳು, ಅಕ್ಕತಂಗಿಯರದ್ದು. ಹೊರಗಿನಿಂದ ಬಂದು ಕೆಲವು ವರ್ಷ ಇದ್ದು ಹೋಗುವವನು ಗಂಡು. ಗುಂಪು ಸಿಗದ ಗಂಡುಗಳು ಬೇರೆಯೇ ತಂಡ ಕಟ್ಟಿಕೊಂಡು ಅಲೆಯುತ್ತವೆ. ನಮ್ಮೂರ ಹಿರಿಯರು ‘ಗಂಡು ಮುಶ್ಯಾಗಳ ದಂಡು ಬಂತು’ ಎನ್ನುವುದು ಇವನ್ನೇ.

1962ರಲ್ಲಿ ಅಂಥದೊಂದು ದಂಡು ಸುಗಿಯಾಮಾ ನೋಡುತ್ತಿದ್ದ ಗುಂಪಿನ ಮೇಲೆ ಬಿತ್ತು. ಹಳೆಯ ಗಂಡು ಸೋತು ಹೋಯಿತು. ದಂಡಿನಲ್ಲೇ ಒಂದು ಉಳಿದವರನ್ನೆಲ್ಲ ಅಟ್ಟಿ ತಾನೊಬ್ಬನೇ ನಿಂತಿತು. ಅಲ್ಲಿಯವರೆಗಿನದು ನಿರೀಕ್ಷಿಸಬಹುದಾದ ಕಥೆ. ಮುಂದಿನದು ಯಾರೂ ನಿರೀಕ್ಷಿಸಿರಲಿಲ್ಲ. ಹೊಸ ಯಜಮಾನ ತಾಯಂದಿರ ಎದೆಗಂಟಿದ್ದ ಎಳೆಮರಿಗಳನ್ನು ಒಂದಾದ ಮೇಲೊಂದು ಕಚ್ಚಿ ಕೊಂದಿತು. ತಾಯಂದಿರು ಓಡಿದವು, ತಿರುಗಿ ಬಿದ್ದವು, ಗಾಯಗೊಂಡ ಮರಿಯನ್ನು ಹೊತ್ತು ತಿರುಗಿದವು, ಕೊನೆಗೆ ಕೆಳಗಿಟ್ಟವು. ಮರಿ ಕಳೆದುಕೊಂಡ ಹೆಣ್ಣುಗಳು ಬೇಗನೆ ಬೆದೆಗೆ ಬಂದು ಅದೇ ಗಂಡಿನೊಡನೆ ಕೂಡಿದವು.

ಒಂದು ಸಲ ಕಂಡದ್ದು ಆಕಸ್ಮಿಕ ಇರಬಹುದು ಎಂದು ಸುಗಿಯಾಮಾ ಇನ್ನೊಂದು ಗುಂಪಿನಲ್ಲಿ ಪರೀಕ್ಷೆ ಮಾಡಿದರು. ಯಾವ ಕಾಳಗವೂ ಇಲ್ಲದೆ, ಗುಂಪಿನ ಏಕೈಕ ಗಂಡನ್ನು ಮನುಷ್ಯರೇ ಹಿಡಿದು ತೆಗೆದರು. ಹೊರಗಿನ ಗಂಡು ಬಂದು ಜಾಗ ಹಿಡಿಯಿತು. ಮರಿಗಳ ಗತಿ ಅದೇ ಆಯಿತು. 1965 ಮತ್ತು 66ರಲ್ಲಿ ‘ಪ್ರೈಮೇಟ್ಸ್’ ಪತ್ರಿಕೆಯಲ್ಲಿ ಈ ಎರಡೂ ಸಂಗತಿ ಅಚ್ಚಾದವು. ಇವುಗಳಲ್ಲಿ ಎರಡನೆಯದಾದ ಪರೀಕ್ಷೆಯನ್ನು ಓದುಗರು ನೆನಪಿನಲ್ಲಿಡಬೇಕು. ನಮ್ಮ ಗ್ರಾಮ ಪಂಚಾಯಿತಿಗಳಿಗೆ ನೇರ ಸಂಬಂಧಿಸಿದ್ದು ಅದು.

ಪ್ರಪಂಚ ಮೊದಲಿಗೆ ನಂಬಲಿಲ್ಲ. ಅಮೆರಿಕದ ಫಿಲ್ಲಿಸ್ ಜೇ 1950ರ ದಶಕದ ಕೊನೆಯಲ್ಲಿ ಉತ್ತರ ಮತ್ತು ಮಧ್ಯ ಭಾರತದಲ್ಲಿ ಕಂಡ ಲಂಗೂರ್‌ಗಳು ಶಾಂತ ಸ್ವಭಾವದವು, ಹೊಂದಿಕೊಂಡು ಬಾಳುವಂಥವು. ಹೀಗಾಗಿ ಧಾರವಾಡದ್ದು ರೋಗಲಕ್ಷಣ, ಕಾಡು ಕಡಿಮೆಯಾಗಿ ಮಂಗಗಳು ಇಕ್ಕಟ್ಟಾದದ್ದರ ಫಲ ಎಂಬ ವಾದ ಬಲವಾಯಿತು. 1971ರಲ್ಲಿ ಜೋಧಪುರದಿಂದ ಎಸ್.ಎಂ. ಮೊಹನೋತ್ ಅಂಥದೇ ಕೊಲೆಗಳನ್ನು ವರದಿ ಮಾಡಿದರು. ಅದೇ ವರ್ಷ ಸಾರಾ ಹರ್ಡಿ ಎಂಬ ತರುಣಿ ರಾಜಸ್ಥಾನದ ಅಬೂ ಬೆಟ್ಟಕ್ಕೆ ಬಂದರು. ಇಕ್ಕಟ್ಟಿನಿಂದ ಮಂಗಗಳ ಬುದ್ಧಿ ಕೆಡುತ್ತದೆ ಎಂಬುದನ್ನೇ ನೋಡಲು ಬಂದವರು, ನೋಡಿದ ಮೇಲೆ ಅಭಿಪ್ರಾಯವನ್ನೇ ಬದಲಿಸಿದರು. ಅವರ ತರ್ಕ ಕಟುವಾದದ್ದು, ಆದರೆ ಸರಳ. ಗಂಡಿನ ಒಡೆತನಕ್ಕೆ ಸಿಗುವುದು ಎರಡೋ ಮೂರೋ ವರ್ಷ. ಹಾಲುಣಿಸುವ ತಾಯಿ ಬೇಗ ಬೆದೆಗೆ ಬರುವುದಿಲ್ಲ. ಹಿಂದಿನವನ ಮರಿ ಸತ್ತರೆ ಕೆಲವೇ ವಾರಗಳಲ್ಲಿ ಬರುತ್ತಾಳೆ. ಕಾಯುವ ಗಂಡಿಗಿಂತ ಕೊಲ್ಲುವ ಗಂಡಿಗೆ ಮಕ್ಕಳು ಹೆಚ್ಚು. ಆ ಗುಣ ಮಕ್ಕಳಲ್ಲಿ ಉಳಿಯುತ್ತದೆ. 1977ರಲ್ಲಿ ಪ್ರಕಟವಾದ ಅವರ ‘ದಿ ಲಂಗೂರ್ಸ್ ಆಫ್ ಅಬೂ’ ಪುಸ್ತಕಕ್ಕೆ ಹೊಗಳಿಕೆಯೂ ಬಂತು, ಬೈಗುಳವೂ ಬಂತು.

ಜಗಳ ಬಗೆಹರಿಯಲು ಡಿಎನ್‌ಎ ಬೇಕಾಯಿತು. ನೇಪಾಳದ ರಾಮನಗರದ ಕಾಡಿನ ಲಂಗೂರ್‌ಗಳ ಮೇಲೆ ಕರೋಲಾ ಬೊರೀಸ್ ಮತ್ತು ಸಂಗಡಿಗರು ಮಾಡಿದ ಅಧ್ಯಯನ 1999ರಲ್ಲಿ ಹೊರಬಂತು. ಮರಿಗಳ ಮೇಲೆರಗಿದ ಗಂಡುಗಳು ಆ ಮರಿಗಳ ತಂದೆಯಲ್ಲ ಎಂಬುದು ಅದರಲ್ಲಿ ಗೊತ್ತಾಯಿತು. ಇಕ್ಕಟ್ಟಿನ ಹುಚ್ಚು ಆಗಿದ್ದರೆ ತನ್ನದು, ಪರರದು ಎಂಬ ಭೇದ ಏಕೆ? ಧಾರವಾಡದ ಟಿಪ್ಪಣಿಗಳಿಗೆ ಮೂವತ್ತೇಳು ವರ್ಷಗಳ ನಂತರ ಸಾಕ್ಷಿ ಸಿಕ್ಕಿತು.

ಇಷ್ಟನ್ನೇ ಹೇಳಿ ನಿಲ್ಲಿಸಿದರೆ ಮುಶ್ಯಾನಿಗೆ ಅನ್ಯಾಯ. ಈ ಕಥೆಯಲ್ಲಿ ನನಗೆ ಹೆಚ್ಚು ರುಚಿಸುವುದು ಗಂಡಿನ ಕ್ರೌರ್ಯವಲ್ಲ, ಹೆಣ್ಣುಗಳ ಉಪಾಯ. ಹರ್ಡಿ ಕಂಡಂತೆ, ಮರಿಯ ಮೇಲೆ ಬಿದ್ದ ಗಂಡನ್ನು ಎದುರಿಸಲು ಮುಂದೆ ನುಗ್ಗುವುದು ಎಷ್ಟೋ ಸಲ ತಾಯಿಯಲ್ಲ, ಗುಂಪಿನ ಮುದುಕಿಯರು. ಮತ್ತೆ ಹೆರುವ ವಯಸ್ಸು ದಾಟಿದ್ದರಿಂದ ಕಳೆದುಕೊಳ್ಳಲು ಅವುಗಳ ಬಳಿ ಹೆಚ್ಚೇನೂ ಇಲ್ಲ; ಉಳಿಸಿಕೊಳ್ಳಲು ಮೊಮ್ಮಕ್ಕಳಿವೆ. ಈಗಾಗಲೇ ಬಸಿರಾದ ಹೆಣ್ಣು ಹೊಸ ಗಂಡಿನ ಮುಂದೆ ಬೆದೆಯ ನಟನೆ ಮಾಡಿ ಕೂಡುವುದೂ ಉಂಟು. ಹುಟ್ಟುವ ಮರಿ ತನ್ನದೇ ಇರಬಹುದೆಂಬ ಸಂಶಯವೇ ಅದಕ್ಕೆ ರಕ್ಷೆ.

ಬೇಸಿಗೆಯ ಬೆಳಗ್ಗೆ ಗುಂಪು ಮರದಡಿ ಇಳಿದಾಗ ದೂರದಿಂದ ನೋಡಬೇಕು. ಹೊಸದಾಗಿ ಹುಟ್ಟಿದ ಮರಿಯ ಮೈ ಕಪ್ಪು, ಮುಖ ಗುಲಾಬಿ. ದೊಡ್ಡವುಗಳದ್ದಕ್ಕೆ ಪೂರ್ತಿ ವಿರುದ್ಧ. ಹುಟ್ಟಿದ ದಿನವೇ ಅದು ಕೈಯಿಂದ ಕೈಗೆ ದಾಟುತ್ತದೆ. ಚಿಕ್ಕಮ್ಮ ಎತ್ತಿಕೊಳ್ಳುತ್ತಾಳೆ, ಇನ್ನೂ ಹೆತ್ತಿರದ ಹುಡುಗಿಯೊಂದು ಕಸಿದುಕೊಂಡು ತಲೆಕೆಳಗಾಗಿ ಹಿಡಿದು ಕೂರುತ್ತದೆ, ಮರಿ ಚೀರುತ್ತದೆ, ಮತ್ತೊಬ್ಬಳು ಬಿಡಿಸಿಕೊಳ್ಳುತ್ತಾಳೆ. ತಾಯಿ ಅಷ್ಟೊತ್ತು ನಿಶ್ಚಿಂತೆಯಾಗಿ ಚಿಗುರು ಮೇಯುತ್ತಿರುತ್ತದೆ. ಮಂಗ್ಯಾಗಳಲ್ಲಿ ಇಷ್ಟು ಸಲಿಗೆ ಇಲ್ಲ. ಒಬ್ಬಳ ಮಗುವನ್ನು ಹಲವರು ಸಾಕುವ ಈ ರೂಢಿಯನ್ನೇ ಹಿಡಿದು ಹರ್ಡಿ ಮುಂದೆ ಮನುಷ್ಯರ ಮಮತೆಯ ಮೂಲ ಹುಡುಕುತ್ತ ಹೋದರು. ಕೊಲೆಯ ವಿಷಯದಿಂದ ಹೆಸರಾದವರು ಕೊನೆಗೆ ಬಂದು ನಿಂತದ್ದು ಕೂಸು ಎತ್ತಿಕೊಳ್ಳುವ ಕೈಗಳ ಬಳಿ.

ಇನ್ನು ಮಂಗ್ಯಾನ ಮೇಲೆ ನಮ್ಮ ರಾಜ್ಯದಲ್ಲಿ ಕೆಲಸ ನಡೆದದ್ದು ಹೆಚ್ಚಾಗಿ ದಕ್ಷಿಣದಲ್ಲಿ. ಬಂಡೀಪುರದಲ್ಲಿ ಅನಿಂದ್ಯ ಸಿನ್ಹಾ ಮತ್ತು ಸಂಗಡಿಗರು ರಸ್ತೆ ಬದಿಯ ಮಂಗ್ಯಾಗಳು ಪ್ರವಾಸಿಗರ ಎದುರು ಕೈಚಾಚಿ, ವಿಶೇಷ ದನಿ ತೆಗೆದು ತಿಂಡಿ ಬೇಡುವುದನ್ನು ದಾಖಲಿಸಿದರು. ಎದುರಿನವರು ತಮ್ಮತ್ತ ನೋಡುತ್ತಿದ್ದಾರೆಯೇ ಎಂಬುದನ್ನೂ ಅವು ಗಮನಿಸುತ್ತವಂತೆ. ಹಂಪಿ, ಬಾದಾಮಿಗೆ ಹೋಗಿ ಬಂದವರಿಗೆ ಇದನ್ನು ವಿವರಿಸಬೇಕಿಲ್ಲ. ಮಂಗ್ಯಾಗಳು ಚಿರತೆಯನ್ನು ಮೈಮೇಲಿನ ಚುಕ್ಕೆಯಿಂದಲೇ ಗುರುತಿಸುತ್ತವೆ ಎಂದು ಉಮಾ ರಾಮಕೃಷ್ಣನ್ ಮತ್ತು ರಿಚರ್ಡ್ ಕಾಸ್ ಬೊಂಬೆಗಳನ್ನಿಟ್ಟು ತೋರಿಸಿದ್ದರು. 2019ರಲ್ಲಿ ತೀರ್ಥಹಳ್ಳಿ ಕಡೆಯ ರೈತರೊಬ್ಬರು ಮಂಗಗಳಿಂದ ತೋಟ ಕಾಯಲು ನಾಯಿಗೆ ಹುಲಿಪಟ್ಟೆ ಬಳಿದು ಸುದ್ದಿಯಾದರು. ನಾವೆಲ್ಲ ನಕ್ಕೆವು, ಅವರ ಲೆಕ್ಕಾಚಾರ ಮಾತ್ರ ಈ ವಿಜ್ಞಾನಿಗಳದ್ದರಿಂದ ಬಹಳ ದೂರವೇನೂ ಇರಲಿಲ್ಲ.

ನಗುವ ವಿಷಯವಲ್ಲದ್ದು ಇನ್ನೊಂದಿದೆ. ಮೈಸೂರು ವಿಶ್ವವಿದ್ಯಾಲಯದ ಮೇವಾ ಸಿಂಗ್ ಮತ್ತು ಅವರ ಶಿಷ್ಯರು ಮೈಸೂರು ಸುತ್ತಲಿನ ರಸ್ತೆಗಳಲ್ಲಿ 1980ರ ದಶಕದ ಕೊನೆಯಿಂದ ಮಂಗ್ಯಾಗಳನ್ನು ಎಣಿಸುತ್ತ ಬಂದರು. ಕಾಲು ಶತಮಾನದಲ್ಲಿ ಸಂಖ್ಯೆ ಅರ್ಧಕ್ಕಿಂತ ಕೆಳಗಿಳಿದಿತ್ತು. ರಸ್ತೆ ಅಗಲ ಮಾಡಲು ಸಾಲುಮರದ ಆಲ, ಅತ್ತಿ, ಬಸರಿ ಉರುಳಿದವು. ಊರುಗಳಲ್ಲಿ ಸಹನೆ ಕಡಿಮೆಯಾಗಿ ಹಿಡಿದು ಸಾಗಿಸುವುದು ಹೆಚ್ಚಾಯಿತು. ಎಲ್ಲೆಲ್ಲೂ ಕಾಣುವ ಪ್ರಾಣಿಯಾದ್ದರಿಂದ ಯಾರಿಗೂ ತಿಳಿಯಲಿಲ್ಲ. ಬಾನೆಟ್ ಮಕಾಕ್ ಎಂದು ಜಗತ್ತು ಕರೆಯುವ ನಮ್ಮ ಮಂಗ್ಯಾ ಈಗ ಅಂತರರಾಷ್ಟ್ರೀಯ ಕೆಂಪು ಪಟ್ಟಿಯಲ್ಲಿ ಅಪಾಯದ ಅಂಚಿನ ಪ್ರಾಣಿ.

ಈಗ ಪಂಚಾಯಿತಿಯ ಮಾತು. ಮಂಗನ ಕಾಟ ವಿಪರೀತವಾದಾಗ ಊರವರು ಸಭೆ ಸೇರಿ, ಪಟ್ಟಿ ಹಾಕಿ, ಹಿಡಿಯುವವರನ್ನು ಕರೆಸುವುದು ನಮ್ಮ ಕಡೆ ವಾಡಿಕೆ. ರೈತರ ಸಿಟ್ಟು ಸುಳ್ಳಲ್ಲ. ಮಳೆ ನೆಚ್ಚಿ ಬಿತ್ತಿದ ಹೆಸರು, ಶೇಂಗಾ, ಗೋವಿನಜೋಳದಲ್ಲಿ ಮಳೆಯ ಪಾಲು, ಹುಳದ ಪಾಲು, ದಲ್ಲಾಳಿಯ ಪಾಲು ಹೋಗಿ ಉಳಿದದ್ದರಲ್ಲಿ ಮಂಗನ ಪಾಲು ಬೇರೆ. ಆದರೆ ಮುಶ್ಯಾಗಳ ವಿಷಯದಲ್ಲಿ ಮೊದಲು ಬೋನಿಗೆ ಬೀಳಿಸಲು ನೋಡುವುದು ಜನರ ಮೇಲೆ ಹಾಯುವ ದೊಡ್ಡ ಗಂಡನ್ನು. ಅದನ್ನು ಗಾಡಿಯಲ್ಲಿ ಹಾಕಿ ಗುಡ್ಡದ ಕಡೆ ಬಿಟ್ಟು ಬಂದರೆ ಊರಿಗೆ ನೆಮ್ಮದಿ ಎಂಬ ಲೆಕ್ಕ. ಧಾರವಾಡದ ಕಾಡಿನಲ್ಲಿ ಸುಗಿಯಾಮಾ ಮಾಡಿದ ಪರೀಕ್ಷೆಯೂ ಅದೇ: ಗುಂಪಿನಿಂದ ಒಂದೇ ಗಂಡನ್ನು ತೆಗೆಯುವುದು. ಗಂಡು ಹೋದರೂ ಗುಂಪು ಕದಲುವುದಿಲ್ಲ, ಏಕೆಂದರೆ ಗುಂಪು ಹೆಣ್ಣುಗಳದ್ದು, ಜಾಗವೂ ಅವುಗಳದ್ದೇ. ಖಾಲಿಯಾದ ಜಾಗಕ್ಕೆ ಹೊಸ ಗಂಡು ಬರುತ್ತದೆ, ಜಗಳವಾಗುತ್ತದೆ, ಮರಿಗಳು ಸಾಯುತ್ತವೆ. ಮರಿ ಸತ್ತ ಹೆಣ್ಣುಗಳು ಮತ್ತೆ ಗಬ್ಬವಾಗಿ ಆರೂವರೆ ತಿಂಗಳಲ್ಲಿ ಹೊಸ ಮರಿ ಹಾಕುತ್ತವೆ. ಮಂಗಗಳೂ ಕಡಿಮೆಯಾಗಲಿಲ್ಲ, ಕಾಟವೂ ತಪ್ಪಲಿಲ್ಲ. ಹನುಮಪ್ಪನ ಹೆಸರು ಹೇಳುವ ಊರು ತನಗೆ ತಿಳಿಯದಂತೆ ಎಳೆಮರಿಗಳ ಸಾವಿಗೆ ದುಡ್ಡು ಕೊಟ್ಟಂತಾಯಿತು.

ಬಿಟ್ಟುಬಂದ ಕಡೆಯೂ ಕಥೆ ಸುಖದ್ದಲ್ಲ. ನಮ್ಮ ಜಿಲ್ಲೆಯ ಕಪ್ಪತಗುಡ್ಡ 2019ರಿಂದ ವನ್ಯಜೀವಿ ಧಾಮ. ಆದರೆ ಅದು ಖಾಲಿ ಬಿದ್ದ ಜಾಗವಲ್ಲ. ಅಲ್ಲಿಯೂ ಮೊದಲೇ ಗುಂಪುಗಳಿವೆ, ಗಡಿಗಳಿವೆ. ಕುರುಚಲು ಗುಡ್ಡದಲ್ಲಿ ಬೇಸಿಗೆಗೆ ನೀರೂ ಚಿಗುರೂ ಕಡಿಮೆ. ಅಂಗಳದ ನಲ್ಲಿ, ಹಿತ್ತಲಿನ ನುಗ್ಗೆಗೆ ಒಗ್ಗಿದ ಪ್ರಾಣಿ ಅಲ್ಲಿಂದ ಇಳಿದು ಸೇರುವುದು ಹತ್ತಿರದ ಇನ್ನೊಂದು ಹಳ್ಳಿಯನ್ನು. ಒಂದು ಊರಿನ ತಲೆನೋವು ಬಾಡಿಗೆ ಗಾಡಿಯಲ್ಲಿ ಇನ್ನೊಂದು ಊರಿಗೆ ಹೋಗಿರುತ್ತದೆ, ಅಷ್ಟೆ.

ಹಾಗಾದರೆ ರೈತ ಸುಮ್ಮನೆ ಕೂರಬೇಕೇ? ಬೇಡ. ಬೆಳೆ ಕಾಯಲಿ, ಗುಡಿಯ ಮುಂದೆ ಬಿಸ್ಕೀಟು ಎಸೆಯುವವರನ್ನು ತಡೆಯಲಿ. ಹಿಡಿಯಲೇಬೇಕೆಂದರೂ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಹಿಡಿಯುವಂತಿಲ್ಲ. ಆ ಅನುಮತಿಗೆ ಅರ್ಜಿ ಬರೆಯುವ ಮೊದಲು ಸೊರಟೂರಿನಂಥ ಊರಿನ ಹೈಸ್ಕೂಲು ಹುಡುಗರ ಕೈಗೆ ಒಂದು ನೋಟುಬುಕ್ಕು ಕೊಡಿ. ಊರಿಗೆ ಬರುವ ಗುಂಪು ಎಷ್ಟು, ಒಂದೊಂದರಲ್ಲಿ ಗಂಡು ಎಷ್ಟು, ಹೆಣ್ಣು ಎಷ್ಟು, ಕಿವಿ ಹರಿದದ್ದು ಯಾವುದು, ಬಾಲ ಮುರಿದದ್ದು ಯಾವುದು ಎಂದು ಒಂದು ತಿಂಗಳು ಬರೆಯಲಿ. ಸುಗಿಯಾಮಾ ಶುರು ಮಾಡಿದ್ದೂ ಅಷ್ಟರಿಂದಲೇ. ಆ ಪಟ್ಟಿಯಲ್ಲಿ ತಾಯಿಯ ಎದೆಗಂಟಿದ ಮರಿ ಒಂದಾದರೂ ಇದ್ದರೆ, ಆ ಗುಂಪಿನ ಗಂಡನ್ನು ದಯವಿಟ್ಟು ಮುಟ್ಟಬೇಡಿ.